ಹ್ಯಾಂಡ್ ಪ್ಯಾಲೆಟ್ ಟ್ರಕ್, ಬ್ಯಾಟರಿ ಟ್ರಕ್, ಸ್ಟ್ಯಾಕರ್: ಗೋಡೌನಿನಲ್ಲಿ ಬಳಸಿ ನೋಡಿದಾಗ

ಪ್ಯಾಲೆಟ್ಟನ್ನು (ಸರಕು ಜೋಡಿಸಿಡುವ ಹಲಗೆಯ ಅಡ್ಡೆ) ಎತ್ತಿ ಸಾಗಿಸುವ ಈ ಸಾಧನಗಳನ್ನು ಮಾರುವವರು ಮೊದಲು ಟನ್ ಲೆಕ್ಕ ಹೇಳುತ್ತಾರೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಗೋಡೌನಿನ ನೆಲ, ಆಮೇಲೆ ಪ್ಯಾಲೆಟ್ಟಿನ ತಳ.

ಎರಡೂವರೆ ಟನ್ನಿನ ಹ್ಯಾಂಡ್ ಪ್ಯಾಲೆಟ್ ಟ್ರಕ್ಕಿನ ಫೋರ್ಕ್ (ಪ್ಯಾಲೆಟ್ಟಿನಡಿ ತೂರಿಸುವ ಎರಡು ತೋಳು) ನೆಲದಿಂದ ಇಳಿಸಿದಾಗ 85 ಮಿಮೀ, ಎತ್ತಿದಾಗ ಸುಮಾರು 200 ಮಿಮೀ. ಟ್ರಕ್ ಅಷ್ಟು ತೂಕ ಎತ್ತುವುದು ನಿಜ, ಆದರೆ ಅದನ್ನು ಎಳೆಯಬೇಕಾದವನು ಒಬ್ಬ ಮನುಷ್ಯ. ಒಂದು ಟನ್ ದಾಟಿದರೆ ಲೋಡನ್ನು ನಿಂತಲ್ಲಿಂದ ಕದಲಿಸುವುದೇ ಕಷ್ಟ. ಶಹಾಬಾದ್ ಕಲ್ಲು ಹಾಸಿದ ಹಳೆಯ ಗೋಡೌನಿನಲ್ಲಂತೂ ಮುಂದಿನ ಸಣ್ಣ ರೋಲರ್ ಪ್ರತಿ ಸಂದಿಗೂ ಸಿಕ್ಕಿಕೊಳ್ಳುತ್ತದೆ. ಅಲ್ಲಿ ನೈಲಾನ್ ಚಕ್ರ ಹಗುರವಾಗಿ ಉರುಳಿದರೂ ಸದ್ದು ಜಾಸ್ತಿ, ಅಂಚೂ ಒಡೆಯುತ್ತದೆ. ಎಪಾಕ್ಸಿ ನೆಲವಿದ್ದರೆ ಪಾಲಿಯುರೆಥೇನ್ ಚಕ್ರವನ್ನೇ ಹಾಕಿಸಿ. ಇಳಿಜಾರಿನಲ್ಲಿ ಇದನ್ನು ಬಳಸಲೇಬೇಡಿ, ಸಾಮಾನ್ಯ ಮಾದರಿಗಳಿಗೆ ಬ್ರೇಕೇ ಇರುವುದಿಲ್ಲ.

ಹ್ಯಾಂಡಲ್ ಹೊಡೆದರೂ ಫೋರ್ಕ್ ಏಳದಿದ್ದರೆ ಪಂಪ್ ಹೋಯಿತೆಂದು ತಕ್ಷಣ ಬಿಚ್ಚಬೇಡಿ. ಟ್ರಕ್ಕನ್ನು ಅಡ್ಡ ಮಲಗಿಸಿ ಸಾಗಿಸಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಲೋಡ್ ತೆಗೆದು, ಬೆರಳಿನ ಲಿವರನ್ನು ಇಳಿಸುವ ಸ್ಥಾನದಲ್ಲಿ ಹಿಡಿದು, ಹ್ಯಾಂಡಲನ್ನು ಹತ್ತು ಹದಿನೈದು ಸಲ ಹೊಡೆಯಿರಿ. ಅದಕ್ಕೂ ಜಗ್ಗದಿದ್ದರೆ ಲಿವರ್ ಚೈನಿನ ಬುಡದ ನಟ್ ನೋಡಿ. ಅದು ಹೆಚ್ಚು ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಎಣ್ಣೆ ವಾಪಸ್ ಹೋಗುತ್ತಿರುತ್ತದೆ. ಎಣ್ಣೆ ಮಟ್ಟವನ್ನು ಫೋರ್ಕ್ ಪೂರ್ತಿ ಇಳಿಸಿಯೇ ನೋಡಬೇಕು. ಎತ್ತಿದ್ದಾಗ ನೋಡಿ ತುಂಬಿಸಿದರೆ ಇಳಿಸುವಾಗ ಉಕ್ಕಿ ಹೊರಬರುತ್ತದೆ.

ಬ್ಯಾಟರಿ ಪ್ಯಾಲೆಟ್ ಟ್ರಕ್ ಎತ್ತುವ ಎತ್ತರವೂ ಹ್ಯಾಂಡ್ ಟ್ರಕ್ಕಿನಷ್ಟೇ. ನೀವು ದುಡ್ಡು ಕೊಡುವುದು ಎಳೆಯುವ ಮೋಟರಿಗೆ. ಲಾರಿ ನಿಲ್ಲುವ ಡಾಕಿನಿಂದ ರ್‍ಯಾಕಿನವರೆಗೆ ದಿನವಿಡೀ ಓಡಾಟವಿದ್ದರೆ ಇದೇ ಸರಿ. ದಿನಕ್ಕೆ ಮೂರು ನಾಲ್ಕು ಲಾರಿ ಇಳಿಸುವ ಗೋಡೌನಿಗೆ ದಂಡ. ಲೆಡ್ ಆಸಿಡ್ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರನ್ನು ಚಾರ್ಜ್ ಮುಗಿದ ಮೇಲೆ ಹಾಕಿ, ಮೊದಲೇ ತುಂಬಿಸಿದರೆ ಆಸಿಡ್ ಉಕ್ಕುತ್ತದೆ. ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಚಾರ್ಜಿಗೆ ಹಾಕುವ ಅಭ್ಯಾಸವಿದ್ದವರು ಲಿಥಿಯಂ ತೆಗೆದುಕೊಳ್ಳುವುದು ಒಳ್ಳೆಯದು.

ರ್‍ಯಾಕಿಗೆ ಏರಿಸಬೇಕೆಂದರೆ ಸ್ಟ್ಯಾಕರ್. ಹೆಚ್ಚು ಜನ ಎಡವುವುದು ಇಲ್ಲೇ. ಸಾಮಾನ್ಯ ಸ್ಟ್ಯಾಕರಿನ ಕಾಲುಗಳು ಫೋರ್ಕಿನ ಅಡಿಯಲ್ಲೇ ಇರುತ್ತವೆ. ಪ್ಯಾಲೆಟ್ಟಿನ ಕೆಳಗೂ ಅಡ್ಡ ಹಲಗೆಗಳಿದ್ದರೆ ಫೋರ್ಕಿನ ಜತೆಗೆ ಕಾಲೂ ಒಳಗೆ ಹೋಗುತ್ತದೆ, ಎತ್ತಿದೊಡನೆ ಆ ಹಲಗೆ ಕಾಲಿಗೆ ಸಿಕ್ಕಿ ಕಿತ್ತು ಬರುತ್ತದೆ. ಅಂಥ ಪ್ಯಾಲೆಟ್ಟಿಗೆ ಕಾಲು ಅಗಲಿಸಿದ ಸ್ಟ್ರ್ಯಾಡಲ್ ಮಾದರಿ ಬೇಕು, ಪಕ್ಕದಲ್ಲಿ ಕಾಲಿಗೆ ಜಾಗವನ್ನೂ ಬಿಡಬೇಕು.

ಸೆಮಿ ಎಲೆಕ್ಟ್ರಿಕ್ ಸ್ಟ್ಯಾಕರ್ ಎತ್ತುವುದು ಬ್ಯಾಟರಿಯಿಂದ, ತಳ್ಳುವುದು ಕೈಯಿಂದ. ನಿಂತಲ್ಲೇ ಏರಿಸಿ ಇಳಿಸುವ ಕೆಲಸಕ್ಕೆ ಚೆನ್ನ, ಇಪ್ಪತ್ತು ಮೀಟರ್ ತಳ್ಳಬೇಕಾದರೆ ಹುಡುಗರು ಬೇಗ ಬೈಯಲು ಶುರುಮಾಡುತ್ತಾರೆ. ಇನ್ನು ಮಾಸ್ಟಿನ (ಫೋರ್ಕ್ ಏರಿಳಿಯುವ ಕಂಬ) ಮೇಲಿನ ಪ್ಲೇಟನ್ನು ಓದದೆ ಆರ್ಡರ್ ಕೊಡಬೇಡಿ. ದೊಡ್ಡಕ್ಷರದ 1500 ಕೆಜಿ ಸಾಮಾನ್ಯವಾಗಿ 600 ಮಿಮೀ ಲೋಡ್ ಸೆಂಟರಿಗೆ (ಫೋರ್ಕಿನ ಬುಡದಿಂದ ಲೋಡಿನ ಭಾರದ ನಡುವಿನವರೆಗಿನ ದೂರ) ಬರೆದದ್ದು. ಎತ್ತರ ಹೆಚ್ಚಿದಂತೆ, ಲೋಡಿನ ಭಾರ ಫೋರ್ಕಿನ ತುದಿಗೆ ಸರಿದಂತೆ ಆ ಅಂಕಿ ಇಳಿಯುತ್ತದೆ. ನಿಮ್ಮ ರ್‍ಯಾಕಿನ ತೀರ ಮೇಲಿನ ಬೀಮಿನ ಎತ್ತರಕ್ಕೆ ಎಷ್ಟು ಕೆಜಿ ಎಂದು ಬರಹದಲ್ಲಿ ಕೇಳಿ ಪಡೆಯಿರಿ.