ಬೆಂಗಳೂರಿನಲ್ಲಿ ಹಣ್ಣು ತರಕಾರಿ ಎಲ್ಲಿ ಕೊಳ್ಳಬೇಕು? ಹಾಪ್‌ಕಾಮ್ಸ್, ಮಾರ್ಕೆಟ್ಟು, ತಳ್ಳುಗಾಡಿ, ಸೂಪರ್‌ಮಾರ್ಕೆಟ್ ಮತ್ತು ಆ್ಯಪ್‌ಗಳ ಹೋಲಿಕೆ

ಅಕ್ಕಿ ಬೇಳೆಗಳ ಖರ್ಚು ತಿಂಗಳಿಗೊಮ್ಮೆ ಕಣ್ಣಿಗೆ ಕಾಣುತ್ತದೆ. ತರಕಾರಿಯ ಖರ್ಚು ಮಾತ್ರ ಇವತ್ತು ಐವತ್ತು, ನಾಳೆ ಎಂಬತ್ತು ಎಂದು ಸೋರಿಹೋಗುವುದರಿಂದ ಎಲ್ಲಿ ಹೆಚ್ಚು ಕೊಟ್ಟೆವು, ಎಲ್ಲಿ ಉಳಿಸಿದೆವು ಎಂಬುದು ಬಹುಪಾಲು ಮನೆಗಳಲ್ಲಿ ತಿಳಿಯುವುದೇ ಇಲ್ಲ. ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ನಮ್ಮ ಮನೆಯಲ್ಲಿ ನಾಲ್ಕು ಜನರಿದ್ದೇವೆ. ಎರಡು ಹೊತ್ತೂ ಅಡುಗೆಯಾಗುತ್ತದೆ, ವಾರದಲ್ಲಿ ಹಲವು ದಿನ ಬಸ್ಸಾರೋ ಮಸ್ಸೊಪ್ಪೋ ಇದ್ದೇ ಇರುತ್ತದೆ. ಕಳೆದ ಮಳೆಗಾಲದಿಂದ ಈ ಬೇಸಿಗೆಯವರೆಗೆ ಟೊಮೆಟೊ, ಹುರುಳಿಕಾಯಿ, ಬದನೆ, ಈರುಳ್ಳಿ, ಆಲೂಗಡ್ಡೆ, ಎರಡು ಬಗೆಯ ಸೊಪ್ಪು, ಏಲಕ್ಕಿ ಬಾಳೆ ಮತ್ತು ಆಯಾ ಕಾಲದ ಒಂದು ಹಣ್ಣು, ಇಷ್ಟನ್ನೇ ಬೇರೆ ಬೇರೆ ಕಡೆಗಳಿಂದ ಸರದಿಯಂತೆ ತಂದು ನೋಡಿದೆ. ಕೊಂಡ ಬೆಲೆಯನ್ನಷ್ಟೇ ಬರೆದಿಡದೆ, ಕೊಳೆತದ್ದು, ಬಾಡಿದ್ದು, ಬಲಿತು ನಾರಾದದ್ದು ಎಂದು ತೆಗೆದುಹಾಕಿದ ಮೇಲೆ ಪಾತ್ರೆಗೆ ಬಿದ್ದದ್ದೆಷ್ಟು ಎಂಬುದನ್ನೂ ಬರೆದಿಟ್ಟೆ. ಹೋಲಿಕೆಯ ಫಲಿತಾಂಶವನ್ನೆಲ್ಲ ತಿರುಗಿಸಿದ್ದು ಈ ಎರಡನೆಯ ಲೆಕ್ಕವೇ.

ಮೊದಲಿಗೆ ಹಾಪ್‌ಕಾಮ್ಸ್. ಲಾಲ್‌ಬಾಗಿನ ತೋಟಗಾರಿಕಾ ತಜ್ಞ ಡಾ. ಎಂ. ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ, ಮುಂದೆ ಎಲ್ಲ ಹಣ್ಣು ತರಕಾರಿಗಳಿಗೂ ಹರಡಿಕೊಂಡ ಸಂಸ್ಥೆ ಇದು. ಬೆಳೆಗಾರರಿಂದ ನೇರವಾಗಿ ಕೊಂಡು ಮಳಿಗೆಗಳಿಗೆ ಕಳುಹಿಸುವುದರಿಂದ ಮಂಡಿಯ ದಲ್ಲಾಳಿ, ಅವನಿಂದ ಕೊಳ್ಳುವ ಸಗಟುದಾರ, ಅವನ ನಂತರದ ಚಿಲ್ಲರೆಯವನು ಎಂಬ ಸರಪಳಿ ಇಲ್ಲಿ ಗಿಡ್ಡವಾಗುತ್ತದೆ. ಪ್ರತಿದಿನದ ದರಪಟ್ಟಿ ಎಲ್ಲರಿಗೂ ಸಿಗುತ್ತದೆ, ತೂಕ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಆಗುತ್ತದೆ, ರಸೀದಿ ಬರುತ್ತದೆ. ನನ್ನ ಲೆಕ್ಕದಲ್ಲಿ ತರಕಾರಿಯ ಬೆಲೆ ಇಲ್ಲಿ ಅತಿ ಕಡಿಮೆಯೇನೂ ಆಗಿರಲಿಲ್ಲ. ದೊಡ್ಡ ಮಾರ್ಕೆಟ್ಟಿಗಿಂತ ತುಸು ಹೆಚ್ಚು, ಸೂಪರ್‌ಮಾರ್ಕೆಟ್ಟಿನ ಮಾಮೂಲಿ ದರಕ್ಕಿಂತ ತುಸು ಕಡಿಮೆ ಇತ್ತು. ಹಣ್ಣಿನ ಮಾತು ಬೇರೆ. ಏಲಕ್ಕಿ ಬಾಳೆ, ಪರಂಗಿ, ಸೀಬೆ, ಕಿತ್ತಳೆ, ಬೇಸಿಗೆಯ ಹೊಸ್ತಿಲಲ್ಲಿ ಬರುವ ದ್ರಾಕ್ಷಿ, ಇವುಗಳಲ್ಲಿ ಬೆಲೆ ಮತ್ತು ಗುಣ ಎರಡನ್ನೂ ಸೇರಿಸಿ ನೋಡಿದಾಗ ನನಗೆ ಇದಕ್ಕಿಂತ ಮೇಲಾದದ್ದು ಸಿಗಲಿಲ್ಲ. ಬೆಳಿಗ್ಗೆ ಹೋದವರಿಗೆ ಆಯ್ಕೆ ಹೆಚ್ಚು.

ಹಾಪ್‌ಕಾಮ್ಸ್‌ನ ಇನ್ನೊಂದು ಉಪಯೋಗವನ್ನು ಬಹಳ ಜನ ಗಮನಿಸಿದಂತಿಲ್ಲ. ಅಲ್ಲಿ ಕೊಳ್ಳದಿದ್ದರೂ ಅದರ ದರಪಟ್ಟಿಯನ್ನು ಒಮ್ಮೆ ನೋಡಿಕೊಂಡು ಹೊರಟರೆ ಅಂದಿನ ನ್ಯಾಯವಾದ ಬೆಲೆ ಯಾವುದೆಂದು ಮನಸ್ಸಿನಲ್ಲಿರುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದಾಗ ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಎರಡು ಬೆಲೆ ಹೇಳುತ್ತಿದ್ದರು. ಅಂಥ ವಾರಗಳಲ್ಲಿ ಕೈಯಲ್ಲೊಂದು ದರಪಟ್ಟಿ ಇದ್ದರೆ ಚೌಕಾಸಿಗೆ ಕೂರುವ ಅಗತ್ಯವೇ ಬೀಳುವುದಿಲ್ಲ.

ಇನ್ನು ಮಾರ್ಕೆಟ್ಟು. ಕೆ. ಆರ್. ಮಾರ್ಕೆಟ್ಟು ಮತ್ತು ಅದರ ಪಕ್ಕದ ಕಲಾಸಿಪಾಳ್ಯವನ್ನು ಒಂದೇ ಎಂದು ತಿಳಿಯುವವರಿದ್ದಾರೆ, ಆದರೆ ಕೊಳ್ಳುವವರಿಗೆ ಅವೆರಡೂ ಬೇರೆ. ಕಲಾಸಿಪಾಳ್ಯದ ತರಕಾರಿ ಮಂಡಿಗಳಲ್ಲಿ ವ್ಯವಹಾರ ಮೂಟೆ ಮತ್ತು ಕ್ರೇಟುಗಳಲ್ಲಿ ನಡೆಯುತ್ತದೆ, ಅದೂ ಬೆಳಕು ಹರಿಯುವ ಮುನ್ನ. ಕೆ. ಆರ್. ಮಾರ್ಕೆಟ್ಟಿನ ಒಳಗೂ ಹೊರಗೂ ಕಿಲೋ ಲೆಕ್ಕದಲ್ಲಿ, ಗುಡ್ಡೆ ಲೆಕ್ಕದಲ್ಲಿ ಸಿಗುತ್ತದೆ. 2017ರಲ್ಲಿ ಹಸಿರು ಮಾರ್ಗದ ಮೆಟ್ರೊ ಇಲ್ಲಿಗೆ ಬಂದ ಮೇಲೆ ನಮ್ಮಂಥವರಿಗೆ ದಾರಿ ಸುಲಭವಾಗಿದೆ. ಹೊರೆಯನ್ನು ಹೊತ್ತು ಮೆಟ್ಟಿಲು ಹತ್ತುವುದಷ್ಟೇ ಕಷ್ಟ. ಬೆಲೆಯಲ್ಲಿ ಇದನ್ನು ಮೀರಿಸುವವರಿಲ್ಲ. ಹುರುಳಿಕಾಯಿ, ಕ್ಯಾರೆಟ್, ಬದನೆ, ಹಸಿಮೆಣಸಿನಕಾಯಿ, ಶುಂಠಿ ಎಲ್ಲವೂ ಮನೆಯ ಹತ್ತಿರದ ಅಂಗಡಿಗಿಂತ ಎದ್ದು ಕಾಣುವಷ್ಟು ಅಗ್ಗವಾಗಿ ಸಿಕ್ಕವು, ಹಬ್ಬದ ಹಿಂದಿನ ದಿನಗಳನ್ನು ಬಿಟ್ಟರೆ.

ಆದರೆ ಗುಡ್ಡೆಯನ್ನು ಕೊಳ್ಳುವಾಗ ಎಚ್ಚರ ಬೇಕು. ಗುಡ್ಡೆಯ ಮೇಲ್ಭಾಗದಲ್ಲಿ ಚೆಂದದ ಕಾಯಿ, ಅಡಿಯಲ್ಲಿ ಮೆತ್ತಗಾದದ್ದು ಇರುವುದು ಸಾಮಾನ್ಯ. ಇಪ್ಪತ್ತು ರೂಪಾಯಿಯ ಗುಡ್ಡೆಯಲ್ಲಿ ಕಾಲು ಭಾಗ ಬಿಸಾಡಿದರೆ ಅದು ಅಗ್ಗವಾಗಿ ಉಳಿಯುವುದಿಲ್ಲ. ಅಂದಂದೇ ಅಡುಗೆಗೆ ಹಾಕುವುದಿದ್ದರೆ, ಉದಾಹರಣೆಗೆ ಗೊಜ್ಜಿಗೋ ತೊಕ್ಕಿಗೋ ಹಣ್ಣಾದ ಟೊಮೆಟೊ ಬೇಕಿದ್ದರೆ, ಗುಡ್ಡೆ ಲಾಭ. ವಾರಕ್ಕೆ ಇಡಲು ಕಿಲೋ ಲೆಕ್ಕದಲ್ಲಿ ಆರಿಸಿಕೊಳ್ಳುವುದೇ ಸರಿ. ಸೊಪ್ಪನ್ನು ಅಲ್ಲಿಂದ ತರುವುದನ್ನು ನಾನು ನಿಲ್ಲಿಸಿದ್ದೇನೆ. ದೊಡ್ಡ ಕಟ್ಟು ಕಡಿಮೆ ಬೆಲೆಗೆ ಸಿಗುತ್ತದೆ, ನಿಜ, ಆದರೆ ನೀರು ಚಿಮುಕಿಸಿಟ್ಟ ಸೊಪ್ಪು ಚೀಲದ ಒತ್ತಡದಲ್ಲಿ ಬಿಸಿಯೇರಿ, ಮನೆ ಮುಟ್ಟುವಷ್ಟರಲ್ಲಿ ಒಳಗಿನ ಎಲೆಗಳು ಕಪ್ಪಾಗತೊಡಗಿರುತ್ತವೆ.

ಮಾರ್ಕೆಟ್ಟಿನ ನಿಜವಾದ ಉಳಿತಾಯ ಇರುವುದು ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿಯಂಥ ಬಾಳಿಕೆಯ ಪದಾರ್ಥಗಳಲ್ಲಿ. ಇವುಗಳ ಸಗಟು ವ್ಯಾಪಾರಕ್ಕೆ ಯಶವಂತಪುರದ ಎಪಿಎಂಸಿ ಹೆಸರಾದದ್ದು. ನಾವು ಕಟ್ಟಡದ ಕೆಲವು ಮನೆಯವರು ಸೇರಿ ಒಂದು ಮೂಟೆ ತಂದು ಹಂಚಿಕೊಂಡಾಗ ಸಾಗಣೆಯ ಖರ್ಚನ್ನು ಕಳೆದ ಮೇಲೂ ಎಲ್ಲರಿಗೂ ಉಳಿತಾಯವಾಯಿತು. ಇಲ್ಲಿ ತಿಳಿದಿರಬೇಕಾದ ಸಂಗತಿ ಒಂದಿದೆ. ಚಿತ್ರದುರ್ಗ, ಗದಗ, ವಿಜಯಪುರ ಕಡೆಯ ಮುಂಗಾರಿನ ಈರುಳ್ಳಿ ಸೆಪ್ಟೆಂಬರಿನಿಂದ ನವೆಂಬರಿನ ಸುಮಾರಿಗೆ ಬರುತ್ತದೆ. ಅದರಲ್ಲಿ ನೀರಿನಂಶ ಹೆಚ್ಚು, ಮೂಟೆಯಲ್ಲಿಟ್ಟರೆ ಬೇಗ ಕೊಳೆಯುತ್ತದೆ. ಬೇಸಿಗೆಯಲ್ಲಿ ಕಿತ್ತು ಒಣಗಿಸಿಟ್ಟ ಮಹಾರಾಷ್ಟ್ರದ ಈರುಳ್ಳಿ ತಿಂಗಳುಗಟ್ಟಲೆ ಇರುತ್ತದೆ. ಮೂಟೆ ಕೊಳ್ಳುವವರು ಯಾವ ಊರಿನ ಮಾಲು, ಹೊಸದೋ ಹಳೆಯದೋ ಎಂದು ಕೇಳಿಯೇ ಕೊಳ್ಳಬೇಕು. ಆಲೂಗಡ್ಡೆಯಲ್ಲೂ ಅಷ್ಟೇ: ಶೀತಲಗೃಹದಲ್ಲಿ ಬಹುಕಾಲ ಇದ್ದು ಬಂದ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ ಪಲ್ಯಕ್ಕೆ ಸಿಹಿ ಬರುತ್ತದೆ, ಕರಿದರೆ ಬೇಗ ಕಂದಾಗುತ್ತದೆ. ಹಾಸನದ ಹೊಸ ಆಲೂಗಡ್ಡೆ ಬರುವ ದಿನಗಳಲ್ಲಿ ಒಂದೆರಡು ರೂಪಾಯಿ ಹೆಚ್ಚಾದರೂ ನಾನು ಅದನ್ನೇ ತರುತ್ತೇನೆ.

ತಳ್ಳುಗಾಡಿಯ ಬಗ್ಗೆ ನನ್ನ ಅಭಿಪ್ರಾಯ ಈ ಪ್ರಯೋಗದಿಂದ ಪೂರ್ತಿ ಬದಲಾಯಿತು. ಮನೆಯ ಬಾಗಿಲಿಗೆ ಬರುವುದರಿಂದ ದುಬಾರಿ ಎಂಬ ನಂಬಿಕೆ ನಮ್ಮಲ್ಲಿದೆ, ಕಿಲೋ ಬೆಲೆಯನ್ನು ಮಾತ್ರ ನೋಡಿದರೆ ಅದು ಸುಳ್ಳೂ ಅಲ್ಲ. ಆದರೆ ಸೊಪ್ಪಿನಲ್ಲಿ ಪಾತ್ರೆಗೆ ಬಿದ್ದ ಲೆಕ್ಕವನ್ನು ತೆಗೆದುಕೊಂಡಾಗ ಗಾಡಿಯೇ ಎಲ್ಲಕ್ಕಿಂತ ಅಗ್ಗವಾಗಿ ಕಂಡಿತು, ಏಕೆಂದರೆ ಬಿಸಾಡುವುದು ಬೇರು ಮತ್ತು ಬಲಿತ ಕಡ್ಡಿಯನ್ನು ಮಾತ್ರ. ನಸುಕಿನಲ್ಲಿ ಮಂಡಿಯಿಂದ ಎತ್ತಿದ ಸೊಪ್ಪು ಎಂಟು ಗಂಟೆಗೆ ನಮ್ಮ ಬೀದಿಯಲ್ಲಿರುತ್ತದೆ, ಹನ್ನೆರಡಕ್ಕೆ ಬೆಂದಿರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಬಗೆಗಳದ್ದು. ಬೆರಕೆ ಸೊಪ್ಪು, ಹೊನಗೊನ್ನೆ, ಅಗಸೆ, ಚಕ್ಕೋತ, ಬಸಳೆ ಇವೆಲ್ಲ ಸೂಪರ್‌ಮಾರ್ಕೆಟ್ಟಿನ ಕಪಾಟಿನಲ್ಲಿ ನನಗೆ ಕಾಣಸಿಕ್ಕಿದ್ದು ಅಪರೂಪ. ನಮ್ಮ ಬೀದಿಗೆ ಬರುವ ಸೊಪ್ಪಿನಮ್ಮನಿಗೆ “ನಾಳೆ ಸಬ್ಬಸಿಗೆ ಬೇಕಿತ್ತಮ್ಮ, ಎಳೇದಿದ್ರೆ ತನ್ನಿ” ಎಂದರೆ ಸಾಕು, “ಎಳೇದು ಸಿಗದಿದ್ರೆ ತರಲ್ಲ ಕಣವ್ವ, ಬಲಿತಿದ್ದು ನಿಮಗ್ಯಾಕೆ” ಎನ್ನುತ್ತಾರೆ. ಕೊನೆಯಲ್ಲಿ ಕೊಸರಾಗಿ ಒಂದು ಹಿಡಿ ಕರಿಬೇವೂ ಚೀಲಕ್ಕೆ ಬೀಳುತ್ತದೆ. ತೂಕದ ವಿಚಾರದಲ್ಲಿ ಮಾತ್ರ ಕಣ್ಣಿರಬೇಕು: ಹಳೆಯ ಕೈತಕ್ಕಡಿ, ಸವೆದ ಬಟ್ಟು ಇದ್ದರೆ ಕಿಲೋ ಲೆಕ್ಕದ ತರಕಾರಿಯನ್ನು ಅಲ್ಲಿ ಕೊಳ್ಳದೆ ಕಟ್ಟಿನ ಲೆಕ್ಕದ ಸೊಪ್ಪನ್ನಷ್ಟೇ ಕೊಳ್ಳಬಹುದು.

ಚಳಿಗಾಲದ ಅವರೆಕಾಯಿಯನ್ನೂ ಇಲ್ಲಿಯೇ ಸೇರಿಸುತ್ತೇನೆ. ಇಬ್ಬನಿಯ ಅವರೆಯ ಸೊಗಡು ಕೈಗೆ ಅಂಟಬೇಕು. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬೆವರಿದ ಕಾಳಿನಲ್ಲಿ ಅದು ಇರುವುದಿಲ್ಲ. ಒಂದು ಕಿಲೋ ಕಾಯಿ ಸುಲಿದರೆ ಅರ್ಧ ಕಿಲೋ ಕಾಳೂ ಸಿಗುವುದಿಲ್ಲವಾದ್ದರಿಂದ ಸುಲಿದ ಕಾಳಿನ ಬೆಲೆಯನ್ನು ಕಾಯಿಯ ಬೆಲೆಗೆ ನೇರವಾಗಿ ಹೋಲಿಸುವುದು ಸರಿಯಲ್ಲ. ಸುಲಿಯಲು ಮನೆಯಲ್ಲಿ ಕೈಗಳಿದ್ದರೆ ಕಾಯಿ, ಇಲ್ಲದಿದ್ದರೆ ಬೀದಿಬದಿಯಲ್ಲಿ ನಿಮ್ಮೆದುರೇ ಸುಲಿದು ಕೊಡುವ ಕಾಳು.

ಸೂಪರ್‌ಮಾರ್ಕೆಟ್ಟಿನಲ್ಲಿ ನೀವೇ ಆರಿಸಬಹುದು, ವಾರದ ಕೆಲವು ದಿನ ರಿಯಾಯಿತಿಯೂ ಉಂಟು. ಆ ದಿನ ಬೇಕಾದದ್ದನ್ನು ಮಾತ್ರ ಕೊಂಡು ಬರಬಲ್ಲವರಿಗೆ ಲಾಭ. ಕೋಸು, ಹೂಕೋಸು, ಸೌತೆ, ಬೀಟ್‌ರೂಟ್ ಚೆನ್ನಾಗಿ ಸಿಕ್ಕವು. ಉಳಿದಂತೆ ಹೇಳುವಂಥದ್ದೇನೂ ಇಲ್ಲ.

ಆ್ಯಪ್‌ಗಳಲ್ಲಿ ಪರದೆಯ ಮೇಲಿನ ಬೆಲೆ ಹಲವು ಸಲ ಬೀದಿಯ ಬೆಲೆಗಿಂತ ಕಡಿಮೆ ಇರುತ್ತದೆ. ಆದರೆ ಅದು ಕಾಲು ಕಿಲೋಗೋ ಅರ್ಧ ಕಿಲೋಗೋ ಹೇಳಿದ ಬೆಲೆಯೆಂಬುದನ್ನು ನೋಡಿಕೊಳ್ಳಬೇಕು, ಅದರ ಮೇಲೆ ವಿತರಣೆ ಮತ್ತು ನಿರ್ವಹಣೆಯ ಶುಲ್ಕಗಳನ್ನು ಕೂಡಬೇಕು. ಕನಿಷ್ಠ ಮೊತ್ತ ತುಂಬಿಸಲು ಬೇಡದ ಇನ್ನೊಂದು ವಸ್ತುವನ್ನು ಸೇರಿಸಿದರೆ ಉಳಿತಾಯವೆಂಬುದು ಉಳಿಯುವುದಿಲ್ಲ. ಆರಿಸುವ ಕೈ ನಮ್ಮದಾಗಿರದು ಎಂಬುದೇ ನನಗೆ ದೊಡ್ಡ ಕೊರತೆಯಾಗಿ ಕಂಡಿತು: ಬೆಂಡೆಕಾಯಿಯ ತುದಿ ಮುರಿದು ನೋಡಲಾಗದು, ಬದನೆಯ ತೂಕವನ್ನು ಅಂಗೈಯಲ್ಲಿ ಅಂದಾಜು ಮಾಡಲಾಗದು. ಒಂದು ಆ್ಯಪ್‌ನಿಂದ ತರಿಸಿದ ಕೊತ್ತಂಬರಿ ಲೋಳೆಯಾಗಿ ಬಂದಾಗ ಹಣ ಕೂಡಲೇ ಮರಳಿ ಬಂತು, ಆದರೆ ಆ ಹೊತ್ತಿನ ಸಾರಿಗೆ ಕೊತ್ತಂಬರಿ ಇರಲಿಲ್ಲ. ಅಣಬೆ, ಬೇಬಿಕಾರ್ನ್, ಸುಲಿದ ಬೆಳ್ಳುಳ್ಳಿಯಂಥವುಗಳಿಗೆ, ನೆಂಟರು ಹೇಳದೆ ಬಂದ ಸಂಜೆಗೆ, ಇದು ನಿಜವಾಗಿಯೂ ಒದಗಿಬರುತ್ತದೆ.

ಸಾವಯವ ಅಂಗಡಿಗಳಲ್ಲಿ ಬೆಲೆ ಹೆಚ್ಚೆಂಬುದು ಎಲ್ಲರಿಗೂ ಗೊತ್ತು. ಪೊಟ್ಟಣದ ಪದಾರ್ಥವಾದರೆ ಅದರ ಮೇಲೆ ಸಾವಯವ ಪ್ರಮಾಣೀಕರಣದ ಚಿಹ್ನೆ ಇದೆಯೇ ಎಂದು ನೋಡಬಹುದು. ಬಿಡಿ ತರಕಾರಿಗೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಎಂಬ ಸರ್ಕಾರಿ ಸಾವಯವ ಯೋಜನೆಗಳ ಪ್ರಮಾಣಪತ್ರ ಯಾವ ರೈತರದು ಎಂದು ಕೇಳಿದಾಗ ತೋರಿಸುವ ಅಂಗಡಿಯಲ್ಲಿ ಮಾತ್ರ ಆ ಬೆಲೆಯನ್ನು ಕೊಡಲು ನನಗೆ ಮನಸ್ಸಾಗುತ್ತದೆ.

ಮಾವಿನ ಹಣ್ಣಿಗೆ ಪ್ರತ್ಯೇಕ ತೀರ್ಮಾನ ಬೇಕಾಯಿತು. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದಕ್ಕೆ ನಿಷೇಧವಿದೆ. ಎಥಿಲೀನ್ ಅನಿಲವನ್ನು ನಿಗದಿತ ಪ್ರಮಾಣದಲ್ಲಿ ಬಳಸಲು ಅನುಮತಿ ಇದೆ. ಕೊಳ್ಳುವವರಿಗೆ ಬಣ್ಣವೊಂದರಿಂದಲೇ ಇದನ್ನು ಕಂಡುಹಿಡಿಯುವುದು ಕಷ್ಟ. ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ ಲಾಲ್‌ಬಾಗಿನಲ್ಲಿ ನಡೆಸುವ ಮಾವು ಮೇಳದಲ್ಲಿ ರಾಮನಗರ, ಕೋಲಾರ ಕಡೆಯ ಬೆಳೆಗಾರರೇ ಕೂತು ಮಾರುತ್ತಾರೆ. ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣುಗಳನ್ನು ಅಲ್ಲಿಂದ ತರುವುದು, ಸ್ವಲ್ಪ ಗಟ್ಟಿಯಾಗಿರುವಾಗಲೇ ತಂದು ಮನೆಯಲ್ಲಿ ಹುಲ್ಲಿನ ಮೇಲೆ ಇಡುವುದು ನಮ್ಮ ಪದ್ಧತಿಯಾಗಿದೆ.

ಸದ್ಯ ನಾವು ನಡೆಸಿಕೊಂಡು ಬರುತ್ತಿರುವುದು ಪದಾರ್ಥದ ಬಾಳಿಕೆಯನ್ನು ನೋಡಿ ಅಂಗಡಿಯನ್ನು ಆರಿಸುವ ಕ್ರಮ: ಒಂದು ದಿನ ಬಾಳುವ ಸೊಪ್ಪು ಗಾಡಿಯಿಂದ, ಮೂರು ನಾಲ್ಕು ದಿನದ ಹಣ್ಣು ಹಾಪ್‌ಕಾಮ್ಸ್‌ನಿಂದ, ವಾರದ ಕಾಯಿಪಲ್ಲೆ ಭಾನುವಾರ ಮಾರ್ಕೆಟ್ಟಿನಿಂದ, ತಿಂಗಳ ಗಡ್ಡೆಗಳು ಮೂಟೆಯಲ್ಲಿ. ಗಂಡ ಹೆಂಡತಿ ಇಬ್ಬರೂ ಏಳೂವರೆಗೇ ಕೆಲಸಕ್ಕೆ ಹೊರಡುವ ಮನೆಗಳಲ್ಲಿ ಇದು ನಡೆಯದು. ಅಂಥವರು ಸಂಜೆಯ ಗಾಡಿಯಲ್ಲಿ ಉಳಿದ ಸೊಪ್ಪನ್ನು ಅಗ್ಗವೆಂದು ಕೊಳ್ಳುವುದರ ಬದಲು ಭಾನುವಾರ ಬೆಳಿಗ್ಗೆ ಎಳೆಯ ಸೊಪ್ಪು ತಂದು, ಬೇರು ಕತ್ತರಿಸಿ, ತೊಳೆಯದೆ, ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಮೆಂತ್ಯ, ಕೊತ್ತಂಬರಿಗಳು ಬುಧವಾರದವರೆಗೆ ಅಡುಗೆಗೆ ಆಗುತ್ತವೆ. ದಂಟು ಮತ್ತು ಪಾಲಕ್ ಅಷ್ಟು ದಿನ ತಾಳುವುದಿಲ್ಲ, ಅವನ್ನು ಸೋಮವಾರವೇ ಮುಗಿಸಬೇಕು.