ಜಾನ್ ಸರ್ಟೀಸ್ ಮಾಡೆಲ್ ಸೆಟ್: ಕಾರು ಸೂಪರ್, ಬೈಕಿಗೆ ಮಲತಾಯಿ ಧೋರಣೆ

ರೇಸರ್ ಜಾನ್ ಸರ್ಟೀಸ್ ಓಡಿಸಿದ ಫೆರಾರಿ ಕಾರು, ಎಂವಿ ಅಗಸ್ಟಾ ಬೈಕು, ಎರಡರ ಪುಟ್ಟ ಮಾಡೆಲ್ ಇರುವ ಸೆಟ್ ತರಿಸಿದ್ದೆ. ಡಬ್ಬಿ ಬಿಚ್ಚಿದಾಗ ಪಕ್ಕದಲ್ಲಿದ್ದ ತಂಗಿ, "ಫೆರಾರಿ ನೀಲಿ ಇರುತ್ತಾ? ತಪ್ಪು ಮಾಲು ಕಳಿಸಿದ್ದಾರೆ, ವಾಪಸ್ ಮಾಡು" ಅಂದಳು. ಇಲ್ಲ, ಇದೇ ಸರಿ. 1964ರಲ್ಲಿ ಫೆರಾರಿ ಕಂಪನಿ ಕಟ್ಟಿದ ಎಂಜೋ ಫೆರಾರಿ ಇಟಲಿಯ ಮೋಟಾರ್ ಸಂಸ್ಥೆಯ ಜೊತೆ ಜಗಳ ಮಾಡಿಕೊಂಡು, ಕೊನೆಯ ಎರಡು ರೇಸಿಗೆ ತನ್ನ ಕಾರುಗಳನ್ನು ಅಮೆರಿಕದ ತಂಡವೊಂದರ ಹೆಸರಲ್ಲಿ ಇಳಿಸಿದರು. ಹಾಗಾಗಿ ಅಮೆರಿಕದ ನೀಲಿ, ಬಿಳಿ ಬಣ್ಣ. ಸರ್ಟೀಸ್ ಮೆಕ್ಸಿಕೋದಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆಗಿದ್ದು ಈ ಬಣ್ಣದ ಕಾರಲ್ಲೇ. ಸುಲಭವಾಗಿ ಫೆರಾರಿಯ ಮಾಮೂಲಿ ಕೆಂಪು ಬಳಿದು ಕೈತೊಳೆದುಕೊಳ್ಳದೆ ಈ ಬಣ್ಣ ಹಾಕಿದ್ದಕ್ಕೇ ಮೊದಲ ಶಭಾಷ್.

ಆ ರೇಸ್ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತೆ. ಎದುರಾಳಿ ಜಿಮ್ ಕ್ಲಾರ್ಕ್ ಮುಂದಿದ್ದರು, ಪ್ರಶಸ್ತಿ ಅವರಿಗೇ ಅನ್ನುವಷ್ಟರಲ್ಲಿ ಆಯಿಲ್ ಸೋರಿ ಎಂಜಿನ್ ಕೈಕೊಟ್ಟಿತು. ಸರ್ಟೀಸ್‌ಗೆ ಎರಡನೇ ಸ್ಥಾನ ಸಾಕಿತ್ತು. ಜೊತೆಗಾರ ಬಂದಿನಿ ದಾರಿ ಬಿಟ್ಟುಕೊಟ್ಟರು. ಪ್ರಶಸ್ತಿಗೆ ಪೈಪೋಟಿಯಲ್ಲಿದ್ದ ಇನ್ನೊಬ್ಬ ಎದುರಾಳಿ ಗ್ರಹಾಂ ಹಿಲ್ ವರ್ಷವಿಡೀ ಗಳಿಸಿದ್ದು 41 ಪಾಯಿಂಟ್, ಆದರೆ ಒಳ್ಳೆಯ ಆರು ಫಲಿತಾಂಶ ಮಾತ್ರ ಲೆಕ್ಕಕ್ಕೆ ಅಂತ ನಿಯಮ, ಹಾಗಾಗಿ ಅವರ ಲೆಕ್ಕ 39ಕ್ಕೆ ನಿಂತಿತು. ಸರ್ಟೀಸ್ 40. ಒಂದೇ ಪಾಯಿಂಟ್!

ಮಾಡೆಲ್ಲಿಗೆ ಬರೋಣ. ಫೆರಾರಿ 158 ಅನ್ನೋ ಈ ಕಾರಿನ ಆ ಸಣಕಲು ಮೈ, ಹಿಂದೆ ಕೂತ 1.5 ಲೀಟರಿನ ಎಂಟು ಸಿಲಿಂಡರ್ ಎಂಜಿನ್, ಅದರ ಪೈಪುಗಳು, ಎಲ್ಲಾ ನೀಟಾಗಿದೆ. ಒಳಗೆ ಕೂತ ಡ್ರೈವರ್ ಗೊಂಬೆಯ ಮುಖ ಮಾತ್ರ ಬೆಣ್ಣೆ ಕರಗಿದ ಹಾಗೆ, ಅದು ಹೋಗಲಿ ಬಿಡಿ.

ಬೇಜಾರಾಗಿದ್ದು ಬೈಕ್ ನೋಡಿ. ಎಂವಿ ಅಗಸ್ಟಾ 500, ಸುಮ್ನೆ ಕಾಟಾಚಾರಕ್ಕೆ ಡಬ್ಬಿಗೆ ತುರುಕಿದ ಹಾಗಿದೆ. ಬ್ರೇಕ್ ಲಿವರ್ ಮುರಿದೇ ಬಂದಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಅಂದ್ರೆ ಒಂದು ಪ್ಲಾಸ್ಟಿಕ್ ಉಂಡೆ. ಒಂದೇ ಒಂದು ಸಮಾಧಾನ, ಮುಂದಿನ ಚಕ್ರ ಮುಚ್ಚದ ಫೇರಿಂಗ್ (ಗಾಳಿ ಸೀಳಲು ಬೈಕಿನ ಮುಂದೆ ಹಾಕುವ ಹೊದಿಕೆ) ಕೊಟ್ಟಿದ್ದಾರೆ. 1960ರ ಬೈಕಿಗೆ ಅದೇ ಸರಿ, ಚಕ್ರ ಮುಚ್ಚುವಂಥದ್ದು 1957ರ ನಂತರ ನಿಷೇಧವಾಗಿತ್ತು. ಜೊತೆಗಿರುವ ಚೀಟಿಯಲ್ಲಿ ಕಾರಿಗೆ ಒಂದು ಪುಟ, ಬೈಕಿಗೆ ಎರಡು ಸಾಲು. ಇದ್ಯಾವ ನ್ಯಾಯ? ಕಾರಲ್ಲಿ ಅವರ ವಿಶ್ವ ಪ್ರಶಸ್ತಿ ಒಂದು, ಬೈಕಲ್ಲಿ ಏಳು: 500 ಸಿಸಿಯಲ್ಲಿ ನಾಲ್ಕು, 350ರಲ್ಲಿ ಮೂರು. ಅದರಲ್ಲೂ 1960 ಎಂಥಾ ವರ್ಷ ಅಂತೀರಿ! ಬೈಕಲ್ಲಿ ಎರಡೂ ವರ್ಗದ ಪ್ರಶಸ್ತಿ ಗೆದ್ದರು, ಅದೇ ವರ್ಷ ಲೋಟಸ್ ಕಾರಲ್ಲಿ ಕೂತು ತಮ್ಮ ಎರಡನೇ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ ರೇಸಲ್ಲೇ, ಸಿಲ್ವರ್‌ಸ್ಟೋನ್‌ನಲ್ಲಿ, ಎರಡನೇ ಸ್ಥಾನಕ್ಕೆ ಬಂದರು. ಎರಡರಲ್ಲೂ ವಿಶ್ವ ಚಾಂಪಿಯನ್ ಆದವರು ಅವರೊಬ್ಬರೇ, ಸೆಟ್ ಮಾಡಿದ್ದೇ ಅದಕ್ಕೆ ಅಲ್ವಾ?

ಲಿವರ್ ಬಗ್ಗೆ ಕಂಪನಿಗೆ ಬರೆದೆ, "ಸಾರಿಗೆಯಲ್ಲಿ ಆಗಿರಬಹುದು" ಅಂತ ಒಂದು ಸಾಲಿನ ಉತ್ತರ, ಅಷ್ಟೇ. ನಾನೇ ಗೋಂದು ಹಾಕಿ ಅಂಟಿಸಿಕೊಂಡೆ. ಕಾರಿಗೆ ಐದಕ್ಕೆ ನಾಲ್ಕೂವರೆ, ಬೈಕಿಗೆ ಎರಡು. ಕಾರೊಂದನ್ನೇ ಬಿಡಿಯಾಗಿ ಮಾರಿದರೆ ಕಣ್ಣುಮುಚ್ಚಿ ತಗೊಳ್ಳಿ.