ನರದ ನೋವಿನ ಔಷಧಿ, ಗರ್ಭನಿರೋಧಕ ಮಾತ್ರೆ ಎರಡೂ ತಗೊಳ್ಳುತ್ತಿದ್ದರೆ ಇದನ್ನು ಓದಿ

ನಾಲ್ಕು ವರ್ಷ ಒಂದು ದಿನವೂ ತಪ್ಪಿಸದೆ ಗರ್ಭನಿರೋಧಕ ಮಾತ್ರೆ ನುಂಗಿದವಳು ನಾನು. ರಾತ್ರಿ ಒಂಬತ್ತೂವರೆಗೆ ಅಲಾರಂ ಹೊಡೆದರೆ ಎಲ್ಲಿದ್ದರೂ ಎದ್ದು ಹೋಗಿ ತಗೊಳ್ಳುತ್ತಿದ್ದೆ. ಆದರೂ ಬಸಿರಾದೆ.

ಶುರುವಾಗಿದ್ದು ಮುಖದ ನೋವಿನಿಂದ. ಹಲ್ಲುಜ್ಜುವಾಗ ಬಲಗೆನ್ನೆಗೆ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ನರದ ನೋವು ಅಂತ ಡಾಕ್ಟರ್ ಕಾರ್ಬಮಜೆಪೈನ್ ಬರೆದುಕೊಟ್ಟರು. "ಬೇರೆ ಏನಾದರೂ ಔಷಧಿ ತಗೊಳ್ತಿದ್ದೀರಾ?" ಅಂತ ಕೇಳಿದರು. ಇಲ್ಲ ಅಂದೆ. ಸುಳ್ಳು ಹೇಳಬೇಕು ಅಂತಲ್ಲ, ಕಾಯಿಲೆಗೆ ತಗೊಂಡರೆ ತಾನೇ ಔಷಧಿ, ಆ ಮಾತ್ರೆ ನೆನಪಿಗೇ ಬರಲಿಲ್ಲ. ಆದರೆ ಈ ಔಷಧಿ ಬರೆಯುವಾಗ ನನ್ನ ವಯಸ್ಸಿನ ಹೆಂಗಸಿಗೆ ಅದನ್ನು ಬಿಡಿಸಿ ಕೇಳಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಮುಂದಿನ ತಿಂಗಳು, ಸ್ಟ್ರಿಪ್‌ನಲ್ಲಿ ಇನ್ನೂ ಹತ್ತು ಮಾತ್ರೆ ಉಳಿದಿರುವಾಗಲೇ ಕಂದು ಕಲೆ ಕಾಣಿಸಿತು. ಎರಡು ದಿನ ಹಾಗೇ ಇತ್ತು. ಉಷ್ಣ ಜಾಸ್ತಿ ಆಗಿರಬೇಕು ಅಂತ ಸುಮ್ನೆ ಇದ್ದುಬಿಟ್ಟೆ. ವರ್ಷಗಟ್ಟಲೆ ಸರಿಯಾಗಿ ಬರುತ್ತಿದ್ದವರಿಗೆ ಹೊಸ ಔಷಧಿ ಶುರುವಾದ ಮೇಲೆ ನಡುವೆ ಹೀಗೆ ರಕ್ತ ಕಂಡರೆ ಮಾತ್ರೆ ಸಾಲುತ್ತಿಲ್ಲ ಅಂತ ಅರ್ಥ ಇರಬಹುದು. ಅದಾದ ಮೇಲೆ ಮುಟ್ಟು ಬರಲಿಲ್ಲ, ಟೆಸ್ಟ್‌ನಲ್ಲಿ ಎರಡು ಗೆರೆ. ಆಮೇಲಿನದು ನಮ್ಮ ಮನೆಯ ವಿಷಯ, ಇಲ್ಲಿ ಬರೆಯುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿಗೂ ಈ ಔಷಧಿ ಒಳ್ಳೆಯದಲ್ಲ ಅಂತ ತಿಳಿದ ಆ ರಾತ್ರಿ ಮಾತ್ರ ನಾನು ಮರೆಯಲ್ಲ.

ಆಗಿದ್ದು ಇಷ್ಟು. ಕಾರ್ಬಮಜೆಪೈನ್ ಲಿವರ್‌ನ ಕೆಲಸವನ್ನು ಚುರುಕು ಮಾಡುತ್ತದೆ, ಮಾತ್ರೆಯ ಹಾರ್ಮೋನು ಬೇಗ ಕರಗಿಹೋಗುತ್ತದೆ, ಅಂಡ ಬಿಡುಗಡೆಯಾಗುವುದನ್ನು ತಡೆಯುವಷ್ಟು ರಕ್ತದಲ್ಲಿ ಉಳಿಯುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಫಿನೋಬಾರ್ಬಿಟೋನ್, ಟೋಪಿರಮೇಟ್, ಟಿಬಿಗೆ ಕೊಡುವ ರಿಫಾಂಪಿಸಿನ್, ಎಚ್‌ಐವಿಯ ಕೆಲವು ಔಷಧಿ, ಇವೆಲ್ಲ ಇದೇ ಗುಂಪು. ಗಿಡಮೂಲಿಕೆ ಅಂತ ಮನಸ್ಸಿನ ಬೇಸರಕ್ಕೆ ತಗೊಳ್ಳುವ ಸೇಂಟ್ ಜಾನ್ಸ್ ವರ್ಟ್ ಕೂಡ ಹೀಗೇ ಮಾಡುತ್ತದೆ. ಫಿಟ್ಸ್‌ಗೇ ಕೊಡುವ ಲ್ಯಾಮೊಟ್ರಿಜಿನ್ ವಿಷಯ ಉಲ್ಟಾ: ಈಸ್ಟ್ರೋಜನ್ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆಯೇ ಅದರ ಮಟ್ಟ ಇಳಿಸಿ, ನಿಂತಿದ್ದ ಫಿಟ್ಸ್ ಮತ್ತೆ ಬರುವ ಹಾಗೆ ಮಾಡಬಹುದು.

ಎಲ್ಲ ಆ್ಯಂಟಿಬಯಾಟಿಕ್ಕೂ ಹೀಗೆ ಮಾಡುತ್ತದೆ ಅಂತ ಹೆದರಬೇಡಿ. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ತರಹದವು ಏನೂ ಮಾಡುವುದಿಲ್ಲ. ಆದರೆ ಅವುಗಳಿಂದ ಜೋರಾಗಿ ವಾಂತಿ, ಭೇದಿ ಆದರೆ ಮಾತ್ರೆ ಮೈಗೆ ಹತ್ತುವುದಿಲ್ಲ.

ಲಿವರ್ ಚುರುಕು ಮಾಡುವ ಆ ಔಷಧಿಗಳನ್ನು ಬಿಡಲಾಗದವರಿಗೆ ಬೇರೆ ದಾರಿ ಇದೆ. ಕಾಪರ್-ಟಿ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ (ಐಯುಡಿ), ಮೂರು ತಿಂಗಳಿಗೊಮ್ಮೆ ತಗೊಳ್ಳುವ ಇಂಜೆಕ್ಷನ್, ಇವುಗಳ ಮೇಲೆ ಪರಿಣಾಮ ಆಗುವುದಿಲ್ಲ. ತುರ್ತು ಮಾತ್ರೆ ನಂಬಿಕೊಂಡು ಕೂರಬೇಡಿ, ಅದರ ಬಲವೂ ಕಡಿಮೆಯಾಗುತ್ತದೆ. ಹಾಗಂತ ಫಿಟ್ಸ್ ಮಾತ್ರೆಯನ್ನೋ ಟಿಬಿ ಮಾತ್ರೆಯನ್ನೋ ನೀವಾಗೇ ನಿಲ್ಲಿಸಲೇಬೇಡಿ, ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಡಾಕ್ಟರ್ ಹೇಳಿ ನಿಲ್ಲಿಸಿದ ಮೇಲೂ ಲಿವರ್ ತಕ್ಷಣ ಮೊದಲಿನಂತಾಗುವುದಿಲ್ಲ. ಕೊನೆಯ ಡೋಸ್ ತಗೊಂಡ ದಿನದಿಂದ ಕ್ಯಾಲೆಂಡರ್‌ನಲ್ಲಿ 28 ದಿನ ಎಣಿಸಿ ಗುರುತು ಹಾಕಿ, ಅಲ್ಲಿಯವರೆಗೂ ಕಾಂಡೋಮ್ ಬಿಡಬೇಡಿ.